ಲುಮೊತ್ಸೊ ಕಲಿತ ಎರಡಕ್ಷರ

ಲುಮೊತ್ಸೊಗೆ ನಾನು ಏಳು ಚಮರಿ ಬಾಕಿ. ಹತ್ತೊಂಬತ್ತು ವರ್ಷವಾಯಿತು, ಒಂದೂ ತೀರಿಲ್ಲ. ಸಂತೆಗೆ ಹೋಗಿ ಬೇರೆ ಏಳನ್ನು ಹೊಡೆದುಕೊಂಡು ಬಂದು ಅವಳ ಬಾಗಿಲಲ್ಲಿ ಕಟ್ಟಿದರೆ ತೀರುವ ಬಾಕಿಯೂ ಇದಲ್ಲ.

ನಮ್ಮ ಕಡೆ ನನ್ನನ್ನು ಹೋರಾಟಗಾರ ಅನ್ನುತ್ತಾರೆ. ಚಹಾದಂಗಡಿಯಲ್ಲಿ ನನ್ನಿಂದ ಕಾಸು ತೆಗೆದುಕೊಳ್ಳುವುದಿಲ್ಲ. ಮದುವೆಮನೆಯಲ್ಲಿ ಒಲೆಯ ಹತ್ತಿರದ ಜಾಗ ಬಿಟ್ಟುಕೊಡುತ್ತಾರೆ. ಎರಡು ವರ್ಷ ಮೂರು ತಿಂಗಳು ಜೈಲಲ್ಲಿದ್ದು ಬಂದವನೆಂದು ಮುದುಕರೂ ಎದ್ದು ನಿಲ್ಲುತ್ತಾರೆ. ಲುಮೊತ್ಸೊ ಮಾತ್ರ ಕೂತಲ್ಲೇ ಕೂತಿರುತ್ತಾಳೆ. ಅವಳು ಮಾಡುವುದೇ ಸರಿ. ಯಾಕೆಂದು ಹೇಳುತ್ತೇನೆ.

ಸೆರ್ಲುಂಗ್ ಕಣಿವೆಯಲ್ಲಿ ಅವಳ ಕಪ್ಪು ಡೇರೆ ಎಲ್ಲರದಕ್ಕಿಂತ ಮೇಲೆ, ಗಾಳಿ ಬಡಿಯುವ ಕಡೆ ಇತ್ತು. ಕೆಳಗೆ ಬೇಕಾದಷ್ಟು ಜಾಗವಿತ್ತು. "ಕೆಳಗೆ ಹಾಕಿದ್ರೆ ನಿಮ್ಮೆಲ್ಲರ ಹೊಗೆ ನಾನು ಕುಡೀಬೇಕು" ಅನ್ನುತ್ತಿದ್ದಳು. ಗಂಡ ಚಾಕ್‌ಥರ್ ಎದೆನೋವಿನಲ್ಲಿ ಹೋದ ಮೇಲೆ ಎಂಬತ್ತು ಚಮರಿ, ಒಂದು ಹಿಂಡು ಕುರಿ, ಮಗಳು ಸೆರ್‌ಕ್ಯಿ, ಇಷ್ಟನ್ನೂ ಒಬ್ಬಳೇ ಸಾಕಿದಳು. ಕವಣೆ ಬೀಸಿದರೆ ಕಲ್ಲು ಹೋಗಿ ಅವಳು ಅಂದುಕೊಂಡ ಚಮರಿಯ ಅಂದುಕೊಂಡ ಕೊಂಬಿಗೇ ತಾಗುತ್ತಿತ್ತು. ನಾಲಿಗೆಯ ಗುರಿಯೂ ಹಾಗೆಯೇ. ಪಕ್ಕದ ಕಣಿವೆಯ ವಿಧುರನೊಬ್ಬ ಕುದುರೆ ಏರಿ ಬಂದು ಮದುವೆಯ ಮಾತೆತ್ತಿದಾಗ, ಅವನ ಬಾಯನ್ನೇ ನೋಡುತ್ತ, "ನಿಂಗೆ ಐದು ಹಲ್ಲಿದೆ. ನನ್ನ ಮುದಿ ಟಗರಿಗೆ ಆರಿದೆ. ಆಗೋದಾದ್ರೆ ಅದನ್ನೇ ಆಗ್ತೀನಿ ಬಿಡು" ಅಂದಿದ್ದಳು. ಅವನು ಚಹಾ ಕೂಡ ಮುಗಿಸಲಿಲ್ಲ.

ಆ ಎಂಬತ್ತರಲ್ಲಿ ಏಳರ ಕಿವಿಯಲ್ಲಿ ಬಣ್ಣದ ದಾರವಿತ್ತು. ಮನೆಯಲ್ಲಿ ಯಾರಾದರೂ ಸಾಯುವ ಹಾಗಾದಾಗ, ಹೆರಿಗೆ ಕಷ್ಟವಾದಾಗ, ನಾವು ಒಂದು ಪ್ರಾಣಿಯ ಕಿವಿ ಚುಚ್ಚಿ ದಾರ ಕಟ್ಟಿ ಅದರ ಜೀವವನ್ನು ಬಿಟ್ಟುಕೊಡುತ್ತೇವೆ. ತ್ಸೆಥರ್ ಅನ್ನುತ್ತೇವೆ. ಹಾಲು ಕರೆಯಬಹುದು, ಕೂದಲು ಕತ್ತರಿಸಬಹುದು. ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ. ಮುದಿಯಾಗಿ ತಾನಾಗಿ ಬೀಳುವತನಕ ಅದರ ಉಸಿರು ಅದರದು. ಕೊಂಬಿಲ್ಲದ ಮುದುಕಿ ಬೋಡಿ, ಸೆರ್‌ಕ್ಯಿ ಕಾಲು ಮುಂದಾಗಿ ಹುಟ್ಟಿದ ದಿನ ಬಿಟ್ಟದ್ದು. ಗಂಡನ ಎದೆಗಾಗಿ ಮೂರು ವರ್ಷದಲ್ಲಿ ಮೂರು ಬಿಟ್ಟಿದ್ದಳು. "ಮೂರೂ ಗುಂಡುಕಲ್ಲಿನ ಹಾಗಿವೆ, ಅವನೇ ಹೋದ" ಎಂದು ಬೈಯುತ್ತಲೇ ಆ ಮೂರಕ್ಕೆ ಎಲ್ಲಕ್ಕಿಂತ ಮೊದಲು ಉಪ್ಪು ನೆಕ್ಕಿಸುತ್ತಿದ್ದಳು.

ನಮ್ಮ ಕಣಿವೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಕಿವಿದಾರದ ಪ್ರಾಣಿಯ ವಿಷಯದಲ್ಲಿ ಬೆಲೆ, ಕತ್ತಿ, ಕಟುಕ ಎಂಬ ಮಾತು ಬಾಯಿಗೆ ಬರಬಾರದು. "ಇದನ್ನು ಕೊಯ್ಯುವುದಿಲ್ಲ ತಾನೆ?" ಎಂದು ಕೇಳಿದರೂ ಅರ್ಧ ಕೊಯ್ದ ಹಾಗೆಯೇ. ಇದು ನನಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ನನ್ನ ಕೆಲಸ ಸುಲಭವಾಯಿತು.

ಎರಡು ಸಾವಿರದ ಐದರಲ್ಲಿ ಆಜ್ಞೆ ಬಂತು. ಹುಲ್ಲು ಸವೆದಿದೆ, ಅದಕ್ಕೆ ಹತ್ತು ವರ್ಷ ವಿಶ್ರಾಂತಿ ಬೇಕು, ಮೇಯಿಸುವವರು ಪ್ರಾಣಿಗಳನ್ನು ಒಪ್ಪಿಸಿ ಡಾಂಬರು ರಸ್ತೆಯ ಪಕ್ಕದ ಸಾಲುಮನೆಗಳಿಗೆ ಇಳಿಯಬೇಕು. ಮನೆ ಸರ್ಕಾರದ್ದು, ವರ್ಷವರ್ಷ ಭತ್ಯೆ. ಸಾವಿರ ವರ್ಷ ನಾವೇ ಮೇಯಿಸಿದ ಹುಲ್ಲು ಇದ್ದಕ್ಕಿದ್ದಂತೆ ನಮ್ಮಿಂದಲೇ ಸವೆದದ್ದು ಹೇಗೆಂದು ಅದರಲ್ಲಿ ಬರೆದಿರಲಿಲ್ಲ. ಯಾರ ಮೇಲೂ ಬಲವಂತವಿಲ್ಲ, ಎಲ್ಲ ಒಪ್ಪಿಗೆಯಿಂದ ಎಂದು ಬರೆದಿತ್ತು. ಒಪ್ಪಿಗೆಗೆ ತಿಂಗಳ ಕೊನೆಯ ಗಡುವೂ ಇತ್ತು.

ಕಣಿವೆಯ ಒಂದೇ ಕೋಣೆಯ ಶಾಲೆಗೆ ನಾನು ಮೇಷ್ಟ್ರು. ವಯಸ್ಸು ಇಪ್ಪತ್ತೇಳು, ಕೆಲಸ ತಾತ್ಕಾಲಿಕ. ಇಪ್ಪತ್ತಮೂರು ಡೇರೆಗಳಲ್ಲಿ ಚೀನೀ ಭಾಷೆ ಓದಬಲ್ಲವನು ನಾನೊಬ್ಬನೇ. ಹಾಗಾಗಿ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲು ಸರ್ಕಾರದ ಕಾರ್ಯದರ್ಶಿ ಕೌ ಬಂದಾಗ ಅವನ ನಾಲಿಗೆ ನಾನಾದೆ. ಕೌ ಕೆಟ್ಟವನಲ್ಲ. ನಮ್ಮ ಎತ್ತರದ ಗಾಳಿಗೆ ತಲೆನೋವು ಹಿಡಿದು, ಹಣೆಗೆ ಬಟ್ಟೆ ಬಿಗಿದು, ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ ಕೂರುವ ಸುಸ್ತಾದ ಮನುಷ್ಯ. ಜೀಪಿನ ಪಕ್ಕ ನಿಂತು ನನಗೆ ಒಂದು ಮಾತು ಹೇಳಿದ: ಇಪ್ಪತ್ತಮೂರು ಹೆಬ್ಬೆಟ್ಟೂ ಬಂದರೆ ನಿನ್ನ ಕೆಲಸ ಕಾಯಂ ಮಾಡಿ ಎಂದು ನಾನೇ ಬರೆಯುತ್ತೇನೆ. ನಾನು ಬೇಡ ಅನ್ನಲಿಲ್ಲ.

ಇಪ್ಪತ್ತೆರಡು ಬಂದವು. ಲುಮೊತ್ಸೊದು ಉಳಿಯಿತು. ಅವಳ ಡೇರೆಗೆ ಹತ್ತಿದೆವು.

"ಕೂರಿ ಮೇಷ್ಟ್ರೇ. ಆ ಸಾಹೇಬ್ರನ್ನೂ ಕೂರಿಸಿ. ಮುಖ ನೋಡಿದ್ರೆ ಈಗ್ಲೋ ಆಗ್ಲೋ ಅನ್ನೋ ಹಾಗಿದಾರೆ" ಎಂದು ಉಪ್ಪಿನ ಚಹಾ ಬಗ್ಗಿಸಿದಳು.

"ಏನಂತಾಳೆ?" ಕೌ ಕೇಳಿದ.

"ಬಂದದ್ದು ಸಂತೋಷ ಅಂತಾಳೆ" ಅಂದೆ.

ಅವಳು ಕಾಗದವನ್ನು ಮುಟ್ಟಲಿಲ್ಲ. ಡೇರೆಯ ಸೀಳಿನಿಂದ ಹೊರಗೆ ನೋಡುತ್ತ, "ಎಪ್ಪತ್ಮೂರು ಹೋಗ್ಲಿ. ಊರೇ ಇಳಿದ್ಮೇಲೆ ನಾನೊಬ್ಳು ಇಲ್ಲಿ ತೋಳದ ಜೊತೆ ಮಾತಾಡ್ಲಾ? ಈ ಏಳರ ಕತೆ ಏನು, ಅದನ್ನ ಕೇಳಿ" ಅಂದಳು.

"ಹೇಗೆ ಕೇಳ್ಲಿ ಅಚೆ?" ಅಂದೆ. ಅಚೆ ಅಂದರೆ ನಮ್ಮಲ್ಲಿ ಅಕ್ಕ.

"ಮುಪ್ಪು ಬರೋತನ್ಕ ಅವಕ್ಕೆ ಹುಲ್ಲಿದ್ಯಾ ಅಂತ ಕೇಳಿ. ಅಷ್ಟು ಸಾಕು."

ನಮ್ಮವರು ಹಾಗೆಯೇ ಕೇಳುವುದು. ಕಿವಿದಾರದವು ಏಳಿವೆ, ಅವನ್ನೇನು ಮಾಡುತ್ತೀರಿ ಎಂದು ನಾನು ಕೌನನ್ನು ಕೇಳಿದೆ. ಅವನು ಸಿಪ್ಪೆ ಉಗಿದು ಒಂದೇ ಪದ ಅಂದ: "ಛೂಲಿ."

ಎರಡಕ್ಷರದ ಪದ. ನಿಮ್ಮ ವಿಲೇವಾರಿ ಇದೆಯಲ್ಲ, ಅಂಥದು. ಕಡತವನ್ನು ಛೂಲಿ ಮಾಡುತ್ತಾರೆ, ಜಗಳವನ್ನು ಮಾಡುತ್ತಾರೆ, ಕೊಳೆತ ಹಣ್ಣನ್ನೂ ಮಾಡುತ್ತಾರೆ. ಪ್ರಾಣಿಯ ಹಿಂಡನ್ನು ಛೂಲಿ ಮಾಡುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲಿಗೆ ಕಳಿಸುತ್ತೀರಿ ಎಂದು ಇನ್ನೊಮ್ಮೆ ಕೇಳಬಹುದಿತ್ತು. ಕೇಳಿದ್ದರೆ ಅವನು ಹೇಳುತ್ತಿದ್ದ. ಅವನು ಹೇಳಿದ್ದನ್ನು ನಾನು ಅವಳಿಗೆ ಹೇಳಬೇಕಾಗುತ್ತಿತ್ತು. ಹೇಳಿದ್ದರೆ ಇಪ್ಪತ್ತಮೂರನೆಯ ಹೆಬ್ಬೆಟ್ಟು ಬರುತ್ತಿರಲಿಲ್ಲ.

"ಸರ್ಕಾರದವ್ರು ನೋಡ್ಕೋತಾರಂತೆ ಅಚೆ."

"ನೋಡ್ಕೋತಾರಾ?"

"ನೋಡ್ಕೋತಾರೆ."

"ಕಂಗ್ಯುರ್ ಆಣೆ?"

ಕಂಗ್ಯುರ್ ನಮ್ಮ ಧರ್ಮಗ್ರಂಥ. ಅದರ ಮೇಲೆ ಆಣೆಯಿಟ್ಟರೆ ನಮ್ಮಲ್ಲಿ ಮತ್ತೆ ಪ್ರಶ್ನೆಯಿಲ್ಲ.

"ಕಂಗ್ಯುರ್ ಆಣೆಗೂ" ಅಂದೆ.

ಅವಳು ಕೆಂಪು ಶಾಯಿಯಲ್ಲಿ ಹೆಬ್ಬೆರಳು ಅದ್ದಿ, ಬೆರಣಿ ತಟ್ಟುವ ಹಾಗೆ ಕಾಗದದ ಮೇಲೆ ತಟ್ಟಿದಳು. ಗುರುತು ಗೆರೆ ದಾಟಿ ಆಚೆ ಹೋಯಿತು. "ಇಷ್ಟು ಸಣ್ಣ ಜಾಗ ಕೊಟ್ರೆ ಇನ್ನೇನಾಗುತ್ತೆ? ಹಾಲು ಕರೆಯೋ ಬೆರಳಿದು ಅಂತ ಹೇಳಿ ಸಾಹೇಬ್ರಿಗೆ" ಅಂದು ನಕ್ಕಳು. ಅದನ್ನು ಮಾತ್ರ ನಾನು ಪದ ಬಿಡದೆ ಅನುವಾದಿಸಿದೆ.

ಒಂಬತ್ತನೆಯ ದಿನ ಲಾರಿಗಳು ಬಂದವು. ಏಳರ ಕಿವಿಗೂ ಹೊಸ ದಾರ ಕಟ್ಟಿದ್ದಳು, ಹಣೆಗೆ ಬೆಣ್ಣೆ ಹಚ್ಚಿದ್ದಳು. ಲಾರಿಯ ಬಾಗಿಲು ಬಡಿದು, "ಏಯ್ ತಮ್ಮಾ, ಬೋಡಿಗೆ ಮುಂಗಾಲು ನೋವು. ತಿರುವಲ್ಲಿ ನಿಧಾನಕ್ಕೆ ಹೋಗು" ಅಂದಳು. ಚಾಲಕ ನನ್ನ ಮುಖ ನೋಡಿದ. ನಾನು ಹೇಳಿದೆ. ಅವನು ನಕ್ಕ. ಅದೇ ಲಾರಿಯಲ್ಲಿ ನಾನು ಪೇಟೆಯ ಕೂಡುರಸ್ತೆಯವರೆಗೆ ಹೋದೆ. ಬಲಕ್ಕೆ ಹೋದರೆ ಸರ್ಕಾರದ ಹುಲ್ಲುಗಾವಲು, ಎಡಕ್ಕೆ ಹೋದರೆ ಮಾಂಸದ ಕಾರ್ಖಾನೆ. ನನ್ನನ್ನು ಇಳಿಸಿ ಲಾರಿ ಎಡಕ್ಕೆ ತಿರುಗಿತು. ನಾನು ಎದುರಿನ ಅಂಗಡಿಗೆ ಹೋಗಿ ಮೊಮೊ ತಿಂದೆ. ಹಸಿವಾಗಿತ್ತು.

ಎರಡು ತಿಂಗಳಿಗೆ ಕೆಲಸ ಕಾಯಂ ಆಯಿತು.

ಸಾಲುಮನೆಯಲ್ಲಿ ಲುಮೊತ್ಸೊದು ಹದಿನೇಳನೇ ನಂಬರು. ಮೊದಲ ಚಳಿಗಾಲ ಅವಳು ಬಾಗಿಲು ತೆರೆದಿಟ್ಟೇ ಮಲಗಿದಳು, ಮುಚ್ಚಿದರೆ ಉಸಿರು ಕಟ್ಟುತ್ತದೆಂದು. ಬೇಸಿಗೆಯ ಶುರುವಿನಲ್ಲಿ ಬೆಟ್ಟಕ್ಕೆ ಹೋಗಿ ಔಷಧಿಯವರಿಗೆ ಮಾರಲು ಹುಳಹುಲ್ಲು ಕೀಳುತ್ತಿದ್ದಳು, ಉಳಿದ ದಿನ ಕಿತ್ತಳೆ ಬಣ್ಣದ ಅಂಗಿ ಹಾಕಿ ರಸ್ತೆ ಗುಡಿಸುತ್ತಿದ್ದಳು. ಬೆರಣಿಯನ್ನು ಚೀಲದ ಲೆಕ್ಕದಲ್ಲಿ ಕೊಳ್ಳಬೇಕಾಗಿ ಬಂದದ್ದು ಅವಳಿಗೆ ಎಲ್ಲಕ್ಕಿಂತ ದೊಡ್ಡ ಅವಮಾನ. "ಕಾಸು ಕೊಟ್ಟು ಸಗಣಿ ತರೋಳು ಅಂತ ನನ್ನ ಚಮರಿಗಳಿಗೆ ಗೊತ್ತಾದ್ರೆ ಉಚ್ಚೆ ಹೊಯ್ಕೊಂಡು ನಗ್ತಾವೆ" ಅನ್ನುತ್ತಿದ್ದಳು.

ಮೊದಲ ಶರತ್ಕಾಲದಲ್ಲಿ ಒಂದು ಚೀಲ ಹೊತ್ತು ಶಾಲೆಗೆ ಬಂದಳು.

"ಮೇಷ್ಟ್ರೇ, ಮೀಟಿಂಗಿಗೆ ಅಂತ ಸರ್ಕಾರದ ಹುಲ್ಲುಗಾವಲ ಕಡೆ ಹೋಗ್ತೀರಲ್ಲ. ಈ ಉಪ್ಪನ್ನ ಅವಕ್ಕೆ ಮುಟ್ಟಿಸಿ. ಬೋಡಿಗೆ ಅಂಗೈಲೇ ನೆಕ್ಕಿಸ್ಬೇಕು. ಕಲ್ಲ ಮೇಲಿಟ್ರೆ ಮಿಕ್ಕವು ಅವಳಿಗೆ ಬಿಡಲ್ಲ."

"ಆಗ್ಲಿ ಅಚೆ."

ಮುಂದಿನ ಶರತ್ಕಾಲ ಮತ್ತೆ ಬಂದಳು. "ಹೋದ್ಸಲ ನೋಡಿದ್ರಾ?"

"ನೋಡ್ದೆ. ಮೈ ತುಂಬ್ಕೊಂಡಿವೆ."

"ನನ್ನ ಮರ್ತಿರ್ತಾವೆ."

"ಇಲ್ಲ ಅಚೆ. ನಿನ್ನ ಹೆಸರು ಹೇಳ್ದೆ, ಕಿವಿ ನಿಮಿರ್ಸಿದ್ವು."

ಹೀಗೆ ಹತ್ತು ಚೀಲ. ಎಸೆಯಲು ಮನಸ್ಸಾಗಲಿಲ್ಲ, ಅಡುಗೆಮನೆಯಲ್ಲಿಟ್ಟೆ. ಎಲ್ಲಿಂದ ಬಂತೆಂದು ಕೇಳದೆ ನನ್ನ ಹೆಂಡತಿ ಚಹಾಕ್ಕೆ ಹಾಕಿದಳು. ಹತ್ತು ವರ್ಷ ಆ ಉಪ್ಪನ್ನು ನಾನು ತಿಂದೆ. ಆರನೆಯದೋ ಏಳನೆಯದೋ ವರ್ಷ, "ಬೋಡಿಗೆ ಈಗ ತುಂಬಾ ವಯಸ್ಸಾಗಿರ್ಬೇಕು, ಇದಾಳಾ?" ಎಂದು ಕೇಳಿದಳು. ಸುಳ್ಳು ಎಲ್ಲೋ ಒಂದು ಕಡೆ ಕಡಿಮೆಯಾಗಲಿ ಅನಿಸಿತು. "ಹೋದ ಚಳಿಗಾಲ ಹೋದ್ಲು ಅಚೆ, ನಿದ್ದೆಯಲ್ಲೇ" ಅಂದೆ. ಅವಳು ನನ್ನ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಕೊಟ್ಟ ಮಾತಿನ ಹಾಗೆ ಒಂದಾದರೂ ತಾನಾಗಿ ಹೋಯಿತಲ್ಲ ಎಂಬ ಖುಷಿ. ನಮ್ಮ ಮಠ ಗೊಂಪಾದಲ್ಲಿ ಬೆಣ್ಣೆದೀಪ ಹಚ್ಚಿಸಿದಳು. ಮಾರನೆಯ ದಿನ ನನಗೆ ಒಂದು ಕುಡಿಕೆ ಮೊಸರು ತಂದುಕೊಟ್ಟಳು. ಅದನ್ನೂ ತಿಂದೆ.

ಹತ್ತು ವರ್ಷ ತುಂಬಿತು. ಹುಲ್ಲು ಮೊಳಕಾಲೆತ್ತರ ನಿಂತಿತ್ತು, ವಾಪಸು ಹೋಗಲು ಬಿಡಿ ಎಂದು ಜನ ಕೇಳಿದರು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಅದೇ ವರ್ಷ ನನ್ನ ಶಾಲೆಯಲ್ಲಿ ಲೆಕ್ಕ, ವಿಜ್ಞಾನ ಎಲ್ಲವನ್ನೂ ಚೀನೀ ಭಾಷೆಗೆ ಬದಲಿಸಿ, ನಮ್ಮ ಭಾಷೆಯನ್ನು ವಾರಕ್ಕೆ ಮೂರು ತರಗತಿಗೆ ಇಳಿಸಿದರು. ಆಗ ನಾನು ತಿರುಗಿಬಿದ್ದೆ. ನಮ್ಮಂಥ ಜನಾಂಗಗಳಿಗೆ ತಮ್ಮ ಭಾಷೆ ಬಳಸುವ ಹಕ್ಕಿದೆ ಎಂದು ಸರ್ಕಾರದ ಕಾನೂನೇ ಹೇಳುತ್ತದೆ. ಆ ಪುಟವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಎದೆಗೆ ಕಟ್ಟಿಕೊಂಡು ನೂರನಲವತ್ತು ಜನ ಕಚೇರಿಗೆ ನಡೆದೆವು. "ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟಿಲ್ಲ!" ಎಂದು ಕೂಗಿಸಿದವನು ನಾನು. ನನ್ನ ಪಕ್ಕದಲ್ಲೇ ಚಹಾದ ಫ್ಲಾಸ್ಕ್ ಹಿಡಿದು ನಡೆಯುತ್ತ ಎಲ್ಲರಿಗಿಂತ ಜೋರಾಗಿ ಕೂಗಿದವಳು ಲುಮೊತ್ಸೊ. ಅವಳ ದನಿ ನನ್ನ ಕಿವಿಗೆ ಬಡಿಯುತ್ತಿತ್ತು. ಆದರೂ ಕೂಗಿಸಿದೆ.

ಜೈಲಿನ ಕತೆ ಇಲ್ಲಿ ಬೇಡ. ಹೊರಬಂದ ದಿನ ಸಾಲುಮನೆಯವರೆಲ್ಲ ನನ್ನ ಕೊರಳಿಗೆ ಗೌರವದ ಬಿಳಿ ವಸ್ತ್ರ ಖತಾ ಹಾಕಿದರು, ಕಿವಿ ಮುಚ್ಚುವಷ್ಟು. ಲುಮೊತ್ಸೊ ತನ್ನದನ್ನು ಹಾಕಿ ಮೆಲ್ಲಗೆ ಅಂದಳು: "ನೀವಿಲ್ದೆ ಅವಕ್ಕೆ ಎರಡು ಚಳಿಗಾಲ ಉಪ್ಪಿಲ್ಲ ಮೇಷ್ಟ್ರೇ. ಚೀಲ ಕಟ್ಟಿಟ್ಟಿದೀನಿ. ಇವತ್ತೇ ಬೇಡ, ಸುಧಾರಿಸ್ಕೊಂಡು ಹೋಗಿ."

ಮಾರನೆಯ ಬೆಳಿಗ್ಗೆ ಅವಳ ಮನೆಗೆ ಹೋದೆ. ಬಟ್ಟಲಲ್ಲಿ ಹುರಿಹಿಟ್ಟು ಕಲಸುತ್ತ ಕೂತಿದ್ದಳು.

"ಅಚೆ, ಅವು ಇಲ್ಲ."

"ಯಾವು?"

"ಏಳೂ. ಅವತ್ತೇ ಲಾರಿ ಎಡಕ್ಕೆ ಹೋಯ್ತು."

ಅವಳ ಬೆರಳು ನಿಂತವು. "ಬೋಡಿ ನಿದ್ದೇಲಿ ಹೋದ್ಲು ಅಂದ್ರಿ."

"ಸುಳ್ಳು."

"ಉಪ್ಪು?"

"ನಾವೇ ತಿಂದ್ವಿ."

ಅವಳು ಮತ್ತೆ ಕಲಸತೊಡಗಿದಳು. ಉಂಡೆ ಕಟ್ಟಿ, ಕಲಸಿದ್ದನ್ನು ಹಾಳುಮಾಡಬಾರದೆಂದು ಪೂರ್ತಿ ತಿಂದು, ಬಟ್ಟಲು ನೆಕ್ಕಿದಳು. ಅಷ್ಟು ಹೊತ್ತೂ ನಾನು ನಿಂತಿದ್ದೆ.

"ಆ ಸಾಹೇಬ ಅವತ್ತು ಏನಂದ? ಅವನಂದಿದ್ದನ್ನೇ ಹೇಳು."

ಹೇಳು ಅಂದಳು. ಹೇಳಿ ಅನ್ನಲಿಲ್ಲ.

"ಛೂಲಿ."

"ಅದನ್ನ ಬರಿ."

ಚಹಾದ ಪೊಟ್ಟಣದ ರಟ್ಟು ಹರಿದು ಆ ಎರಡಕ್ಷರ ಬರೆದುಕೊಟ್ಟೆ. "ದೊಡ್ಡದಾಗಿ ಬರಿ" ಅಂದಳು. ಮತ್ತೆ ಬರೆದೆ. ರಟ್ಟನ್ನು ಹಿಂದೆ ಮುಂದೆ ತಿರುಗಿಸಿ, "ಇದಕ್ಕೆ ತಲೆ ಯಾವ ಕಡೆ, ಕಾಲು ಯಾವ ಕಡೆ?" ಎಂದು ಕೇಳಿದಳು. ತೋರಿಸಿದೆ.

"ಆಣೆಯಿಟ್ಟೋನು ನೀನು. ಕೊಟ್ಟೋಳು ನಾನು" ಅಂದಳು.

"ತಪ್ಪು ನಂದು ಅಚೆ, ನಿಂದಲ್ಲ."

"ನಿಂದಕ್ಕೆ ನೀ ಉತ್ತರ ಕೊಡ್ಕೋ. ಒತ್ತಿದ್ದು ನನ್ನ ಬೆರಳು. ಅವುಗಳ ಹತ್ರ ನಾ ಏನು ಹೇಳ್ಲಿ?"

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಜೈಲಲ್ಲಿ ಹೊಡೆತ ತಿಂದು ಅಭ್ಯಾಸವಿತ್ತು.

ಅವಳು ಕೇಳಿದ್ದು ಒಂದೇ. ಸುಳ್ಳು ಅನುವಾದದಿಂದ ಪಡೆದ ಹೆಬ್ಬೆಟ್ಟು ಇದು ಎಂದು ಆ ಕಡತದಲ್ಲಿ ಬರೆಯಬೇಕು. ಅರ್ಜಿ ನಾನೇ ಬರೆದೆ, ಕೆಳಗೆ ನನ್ನ ತಪ್ಪೊಪ್ಪಿಗೆಯನ್ನೂ ಸೇರಿಸಿದೆ. ಕೌ ಆಗಲೇ ನಿವೃತ್ತನಾಗಿದ್ದ. ಆ ಕುರ್ಚಿಯಲ್ಲಿ ನಮ್ಮವನೇ ಒಬ್ಬ ಹುಡುಗ ಕೂತಿದ್ದ. ಅವನ ಅಜ್ಜಿ ನಮ್ಮ ಪಕ್ಕದ ಡೇರೆಯವಳು. ಆದರೂ ಅವನು ಚೀನೀ ಭಾಷೆಯಲ್ಲೇ ಮಾತಾಡಿದ, ಗೋಡೆಯಾಚೆ ಯಾರೋ ಕೇಳುತ್ತಿದ್ದಾರೆಂಬ ಹಾಗೆ. ಎರಡು ವಾರ ಅಲೆಸಿ ಕೊನೆಗೆ ಒಂದು ವಾಕ್ಯ ಓದಿದ. ನಾನು ಅನುವಾದಿಸಲು ಬಾಯಿ ತೆರೆದೆ.

"ನಿಲ್ಸು" ಅಂದಳು ಲುಮೊತ್ಸೊ. "ನಂಗೇ ಕೇಳಿಸ್ತು. ನನ್ನ ಅರ್ಜಿನೂ ಛೂಲಿ ಆಯ್ತಂತೆ."

ಹುಡುಗ ತಲೆ ತಗ್ಗಿಸಿದ. ನಾನು ಮೊದಲೇ ತಗ್ಗಿಸಿದ್ದೆ.

ಅಂದಿನಿಂದ ಆ ರಟ್ಟು ಅವಳ ನಿಲುವಂಗಿಯ ಎದೆಯೊಳಗಿದೆ. ಅರವತ್ತರ ಹತ್ತಿರ ಬಂದಿದ್ದ, ಒಂದಕ್ಷರ ಬಾರದ ಹೆಂಗಸು ಸಾಲುಮನೆಗೆ ಬರುವ ಪ್ರತಿ ಕಾಗದವನ್ನೂ ನೆಲದ ಮೇಲೆ ಹರವಿ, ರಟ್ಟನ್ನು ಪಕ್ಕದಲ್ಲಿಟ್ಟು, ಹೇನು ಹುಡುಕುವ ಹಾಗೆ ಸಾಲು ಸಾಲಾಗಿ ಬೆರಳಾಡಿಸುತ್ತಾಳೆ. ಮೊದಮೊದಲು ನೆರೆಯವರು ನಕ್ಕರು. "ಲಸಿಕೆ ಚೀಟಿ ಕಣೇ ಅದು, ಅದ್ರಲ್ಲೂ ಹುಡುಕ್ತೀಯಾ?" ಎಂದು ಕೇಳಿದರು. "ಚುಚ್ಚೋರು ಇದರಲ್ಲೂ ಇದಾರಲ್ಲ" ಅಂದಳು.

ಈ ವರ್ಷ ವಸಂತದಲ್ಲಿ ಹೊಸ ಕಾಗದ ಬಂತು. ಸೆರ್ಲುಂಗಿನ ಹುಲ್ಲುಗಾವಲಿನ ಹಕ್ಕುಪತ್ರಗಳನ್ನು ನವೀಕರಿಸಲು ಒಪ್ಪಿಸಬೇಕು, ಹೆಬ್ಬೆಟ್ಟು ಒತ್ತಬೇಕು ಎಂದು ತಂದವರು ಹೇಳಿದರು. ಲುಮೊತ್ಸೊ ಹರವಿ ಕೂತಳು. ಐದನೆಯ ಸಾಲಿನಲ್ಲಿ, ಅದೇ ಎರಡಕ್ಷರದ ಮೇಲೆ ಅವಳ ಬೆರಳು ನಿಂತಿತು. ಅವಳು ನನ್ನನ್ನು ಕರೆಸಲಿಲ್ಲ. ಪೇಟೆಯಲ್ಲಿ ಮೊಬೈಲ್ ಮಾರುವ ಹುಡುಗಿಯನ್ನು ಒಂದು ಮನೆಯಲ್ಲಿ, ಗೊಂಪಾ ಬಿಟ್ಟು ಬಂದ ಮುದಿ ಭಿಕ್ಷುವನ್ನು ಇನ್ನೊಂದು ಮನೆಯಲ್ಲಿ ಕೂರಿಸಿ, ಒಬ್ಬರದು ಒಬ್ಬರಿಗೆ ಕೇಳದ ಹಾಗೆ ಅದೇ ಕಾಗದವನ್ನು ಜೋರಾಗಿ ಓದಿಸಿದಳು. ನಾನು ಬಂದು ಇಣುಕಿದರೆ, "ನೀನು ಹೊರಗೆ ಕೂತ್ಕೋ ಲ್ಹಗ್ಯಾಲ್" ಅಂದಳು. ಮೆಟ್ಟಿಲ ಮೇಲೆ ಕೂತೆ. ಹುಡುಗಿ 'ಹಳೆಯ ಹಕ್ಕನ್ನು ಇತ್ಯರ್ಥ ಮಾಡಿ' ಎಂದು ಓದಿದಳು. ಭಿಕ್ಷು 'ಹಳೆಯ ಹಕ್ಕನ್ನು ತೆಗೆದುಹಾಕಿ' ಎಂದು ಓದಿದರು. ಎರಡು ಬಾಯಲ್ಲಿ ಎರಡು ಮಾತು ಬಂದ ಮೇಲೆ ಹೆಬ್ಬೆಟ್ಟಿಲ್ಲ ಎಂದು ಅವಳು ತೀರ್ಮಾನ ಕೊಟ್ಟಳು.

ಒಂಬತ್ತು ಮನೆಯವರು ಒತ್ತಿದರು. ಹದಿನಾಲ್ಕು ಮನೆಯವರು ಒತ್ತಲಿಲ್ಲ. ಆ ಹದಿನಾಲ್ಕಕ್ಕೆ ಆಗಿನಿಂದ ಭತ್ಯೆ ನಿಂತಿದೆ. ಅಧಿಕಾರಿಗಳು ವಾರಕ್ಕೊಮ್ಮೆ ಬರುತ್ತಾರೆ. ಲುಮೊತ್ಸೊ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ಬಂದು, "ಒಲೇಲಿ ಸುಟ್ಕೊಂಡೆ ಸಾಹೇಬ್ರೇ, ವಾಸಿಯಾಗ್ಲಿ" ಅನ್ನುತ್ತಾಳೆ. ಆರು ತಿಂಗಳಾಯಿತು, ಇನ್ನೂ ವಾಸಿಯಾಗಿಲ್ಲ. ಮನೆಯಲ್ಲಿ ಹಿಟ್ಟು ಮುಗಿಯುತ್ತ ಬಂದಿದೆ, ಅದೂ ನಿಜ.

ಮೇಷ್ಟ್ರನ್ನು ಕ್ಷಮಿಸಿದೆಯಾ ಎಂದು ಯಾರೋ ಅವಳನ್ನು ಕೇಳಿದರಂತೆ. "ಅದಕ್ಕೆ ಲಾಮಾಗಳಿದಾರೆ, ನನಗೆ ರಸ್ತೆ ಗುಡ್ಸೋ ಕೆಲಸ ಇದೆ" ಅಂದಳಂತೆ. ನನಗೆ ಅವಳು ವಿಧಿಸಿರುವುದು ಒಂದೇ: ಎಲ್ಲೇ ಹಕ್ಕಿನ ಮಾತಾಡಲು ಎದ್ದು ನಿಂತರೂ ಮೊದಲು ಇದನ್ನು ಹೇಳಬೇಕು, ಉಪ್ಪಿನದ್ದನ್ನೂ ಬಿಡದೆ. ಹೇಳುತ್ತ ಬಂದಿದ್ದೇನೆ. ಈಚೆಗೆ ಕೆಲವು ಅಂಗಡಿಗಳಲ್ಲಿ ಚಹಾಕ್ಕೆ ಕಾಸು ತೆಗೆದುಕೊಳ್ಳುತ್ತಾರೆ.

ಈಗ ನಿಮ್ಮನ್ನು ಕೇಳುತ್ತೇನೆ. ಇದನ್ನು ಓದಲು ಬರುವವರು ನೀವು. ಓದಲು ಬಾರದವರು ಒಬ್ಬರಾದರೂ ಎಂದಾದರೂ ನಿಮ್ಮ ಮುಂದೆ ಕಾಗದ ಹಿಡಿದು "ಇದ್ರಲ್ಲಿ ಏನು ಬರ್ದಿದೆ?" ಎಂದು ಕೇಳಿಯೇ ಇರುತ್ತಾರೆ. ಕಾಡು ಬಿಡುವ ಕಾಗದವೋ, ಜಮೀನಿನದೋ, ಆಸ್ಪತ್ರೆಯದೋ. ನೀವು ಅವಸರದಲ್ಲಿದ್ದಿರಿ, ಏನೋ ಒಂದು ಅಂದಿರಿ, ಅವರು ಒತ್ತಿದರು. ಏನಂದಿರೆಂದು ನಿಮಗೆ ನೆನಪಿದೆ, ಅವರ ಮನೆ ಎಲ್ಲಿದೆಯೆಂದೂ ಗೊತ್ತಿದೆ. ಇವತ್ತೇ ಹೋಗಿ. ಅದರಲ್ಲಿ ನಿಜವಾಗಿ ಏನಿತ್ತೆಂದು ಅವರ ಭಾಷೆಯಲ್ಲೇ ಹೇಳಿ. ಅವರು ಬೈದು ಮುಗಿಸುವತನಕ ಅಲ್ಲೇ ನಿಂತಿರಿ.